ಹಳದಿ ಮ್ಯಾಗ್ನೋಲಿಯಾ: ನೆಟ್ಟ ಮೇಲೆ ಬೇರಿನ ತಂಟೆಗೆ ಹೋಗಬೇಡಿ

ಮ್ಯಾಗ್ನೋಲಿಯಾ ಅಂದರೆ ಬಿಳಿ ಅಥವಾ ಗುಲಾಬಿ ಹೂವು ಎಂದೇ ಹೆಚ್ಚಿನವರ ಎಣಿಕೆ. ಹಳದಿ ಬಣ್ಣ ಬಂದಿದ್ದು ಉತ್ತರ ಅಮೆರಿಕದ ಪೂರ್ವ ಭಾಗದ ‘ಕುಕುಂಬರ್ ಟ್ರೀ’ ಎಂಬ ಮರದಿಂದ. ಅದನ್ನು ಚೀನಾದ ಬಿಳಿ ಹೂವಿನ ಯುಲಾನ್ ಮ್ಯಾಗ್ನೋಲಿಯಾ ಜೊತೆ ಸೇರಿಸಿ ಬ್ರೂಕ್ಲಿನ್ ಸಸ್ಯೋದ್ಯಾನದಲ್ಲಿ ಬೆಳೆಸಿದ ತಳಿಯೇ ‘ಎಲಿಜಬೆತ್’. ಸಂಪಿಗೆಯೂ ಇದೇ ಕುಲದ್ದು. ಆದರೆ ಸಂಪಿಗೆಗೆ ಬೆಚ್ಚನೆ ಹವೆ ಬೇಕು, ಇವಕ್ಕೆ ಒಳ್ಳೆಯ ಚಳಿಗಾಲ ಬೇಕು. ಚಳಿಯೇ ಇಲ್ಲದ ಕಡೆ ಸುಮ್ನೆ ಹಟ ಹಿಡಿಯಬೇಡಿ, ಸಂಪಿಗೆಯನ್ನೇ ನೆಡಿ.

ಮೊದಲು ತಳಿ ಆರಿಸಿ. ‘ಎಲಿಜಬೆತ್’ ಹೂವು ಬೆಣ್ಣೆಯಂಥ ತಿಳಿ ಹಳದಿ, ಎಲೆ ಬರುವ ಮೊದಲೇ ಅರಳುತ್ತದೆ. ‘ಬಟರ್‌ಫ್ಲೈಸ್’ ಬಣ್ಣ ಇನ್ನೂ ಗಾಢ. ‘ಯೆಲ್ಲೋ ಬರ್ಡ್’ ತಡವಾಗಿ, ಎಲೆಗಳ ಜೊತೆಗೇ ಅರಳುವುದರಿಂದ ಹೂವು ಅರ್ಧ ಮರೆಯಾಗುತ್ತದೆ. ನನ್ನ ಮತ ‘ಎಲಿಜಬೆತ್’ಗೆ. ಕಸಿ ಗಿಡವನ್ನೇ ಕೊಳ್ಳಿ. ಬೀಜದ ಗಿಡ ಹೂ ಬಿಡಲು ಹಲವು ವರ್ಷ ಕಾಯಿಸುತ್ತದೆ, ಬಣ್ಣಕ್ಕೂ ಖಾತ್ರಿಯಿಲ್ಲ.

ಬಿಸಿಲು ಬೀಳುವ, ಜೋರು ಗಾಳಿ ಹೊಡೆಯದ ಜಾಗ ನೋಡಿ. ಗೋಡೆಯಿಂದ ನಾಲ್ಕೈದು ಮೀಟರ್ ದೂರವಿರಲಿ. ಮಣ್ಣು ಸ್ವಲ್ಪ ಹುಳಿಯಾಗಿರಬೇಕು, ಅಂದರೆ ಪಿಎಚ್ 5.5ರಿಂದ 6.5. ನೀರು ನಿಲ್ಲಬಾರದು.

ಇನ್ನು ನೆಡುವುದು. ಮ್ಯಾಗ್ನೋಲಿಯಾ ಬೇರು ದಪ್ಪ, ಮೆತ್ತಗೆ, ಬೇಗ ಮುರಿಯುತ್ತದೆ. ಗಾಯವಾದರೆ ಮಾಯಲು ತುಂಬಾ ಸಮಯ ಬೇಕು. ಹಾಗಾಗಿ ವಸಂತದಲ್ಲಿ, ಬೇರು ಬೆಳೆಯಲು ಶುರುವಾಗುವ ಹೊತ್ತಿಗೆ ನೆಡುವುದು ಸರಿ. ಗುಂಡಿಯ ಅಗಲ ಬೇರುಮುದ್ದೆಯ ಎರಡು ಮೂರು ಪಟ್ಟಿರಲಿ, ಆಳ ಮಾತ್ರ ಮುದ್ದೆಯಷ್ಟೇ. ಕುಂಡದಲ್ಲಿ ಎಷ್ಟು ಮಟ್ಟದಲ್ಲಿತ್ತೋ ಅಷ್ಟೇ ಮಟ್ಟ. ಕಾಂಡದ ಬುಡ ಮಣ್ಣಲ್ಲಿ ಹೂತರೆ ಗಿಡ ಸೊರಗುತ್ತದೆ. ಮಣ್ಣು ತುಂಬಿ ಕಾಲಲ್ಲಿ ತುಳಿಯಬೇಡಿ, ನೀರು ಹಾಕಿದರೆ ತಾನೇ ಕೂರುತ್ತದೆ. ಮೇಲೆ ಐದರಿಂದ ಎಂಟು ಸೆಂಟಿಮೀಟರ್ ಒಣ ಎಲೆ ಅಥವಾ ತೊಗಟೆ ಚೂರು ಹರಡಿ. ಅದು ಕಾಂಡಕ್ಕೆ ತಾಗದಿರಲಿ.

ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ. ಬುಡ ಕೆದಕುವುದು, ಗುದ್ದಲಿ ಆಡಿಸುವುದು, ಹೂಗಿಡ ನೆಡುವುದು ಎಲ್ಲ ಬಿಡಿ. ಜಾಗ ಬದಲಿಸುವ ಯೋಚನೆ ಬಂದರೂ ಬಿಡಿ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಚೆನ್ನಾಗಿ ನೆನೆಯುವಂತೆ ನೀರು ಕೊಡಿ. ಗೊಬ್ಬರ ಜಾಸ್ತಿ ಬೇಡ.

ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಮಣ್ಣಿನಲ್ಲಿ ಸುಣ್ಣದಂಶ ಹೆಚ್ಚಿದೆ, ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಎಂದು ತಿಳಿಯಿರಿ.

ಕೊಂಬೆ ಸವರಲೇಬೇಕಿದ್ದರೆ ಹೂವು ಮುಗಿದ ಕೂಡಲೇ ಸವರಿ. ಮುಂದಿನ ವರ್ಷದ ಮೊಗ್ಗು ಬೇಸಿಗೆಯಲ್ಲೇ ಕಟ್ಟುತ್ತದೆ. ಚಳಿಗಾಲದಲ್ಲಿ ಕತ್ತರಿ ಹಾಕಿದರೆ ಹೂವನ್ನೇ ಕತ್ತರಿಸಿದಂತೆ ಅಲ್ವಾ?

ಹಳದಿ ತಳಿಗಳು ಸಾಮಾನ್ಯವಾಗಿ ಗುಲಾಬಿ ತಳಿಗಳಿಗಿಂತ ತಡವಾಗಿ ಅರಳುತ್ತವೆ. ಹಾಗಾಗಿ ಕೊನೆಯ ಹಿಮಕ್ಕೆ ಮೊಗ್ಗು ಸುಡುವ ಭಯ ಕಡಿಮೆ. ಆದರೂ ಅರಳುವ ಹೊತ್ತಲ್ಲಿ ಹಿಮ ಬೀಳುವ ಸೂಚನೆಯಿದ್ದರೆ ಎಳೆ ಗಿಡಕ್ಕೆ ರಾತ್ರಿ ಬಟ್ಟೆ ಹೊದಿಸಿ, ಬೆಳಗ್ಗೆ ತೆಗೆಯಿರಿ.