ಶೇಲ್ ಅನಿಲದ ಬಾವಿ ಕೊರೆಯುವುದು ಹೇಗೆ?

ಅರಸೀಕೆರೆ, ಕಡೂರು ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಬೋರ್ ಲಾರಿಯ ಸದ್ದು ರಾತ್ರಿಯಿಡೀ ಕೇಳಿಸುತ್ತದೆ. ನಮ್ಮ ತೆಂಗಿನ ತೋಟದಲ್ಲಿ ಕಳೆದ ಬಾರಿ ಕೊರೆಸಿದಾಗ ಮೊದಲು ಕೆಂಪು ಮಣ್ಣು ಬಂತು, ಅರವತ್ತು ಅಡಿ ದಾಟಿದ ಮೇಲೆ ಬೂದಿ ಬಣ್ಣದ ಕಲ್ಲುಪುಡಿ ಹಾರತೊಡಗಿತು. ಗಟ್ಟಿ ಕಲ್ಲು ಸಿಕ್ಕಿದ ಆಳದವರೆಗೆ ಮಾತ್ರ ಕೇಸಿಂಗ್ ಪೈಪ್ ಇಳಿಸಿ, ಉಳಿದ ಏಳುನೂರು ಅಡಿಯನ್ನು ಬರಿಗಲ್ಲಿನಲ್ಲೇ ಕೊರೆದು ಬಿಟ್ಟರು. ಆ ಕೇಸಿಂಗ್ ಪೈಪನ್ನು ಮನಸ್ಸಿನಲ್ಲಿಟ್ಟುಕೊಂಡರೆ ಶೇಲ್ ಅನಿಲದ ಬಾವಿ ಅರ್ಥವಾಗುವುದು ಸುಲಭ, ಏಕೆಂದರೆ ಆ ಬಾವಿಯ ಒಳಿತು ಕೆಡುಕು ಬಹುಮಟ್ಟಿಗೆ ನಿಂತಿರುವುದು ಅದರ ಮೇಲೆಯೇ.

ಮೊದಲ ಕೆಲಸ ಕಲ್ಲನ್ನು ಗುರುತಿಸುವುದು. ಗೊರೂರಿನ ಸುತ್ತಲಿನ ನೈಸ್ ಶಿಲೆ ಮುನ್ನೂರು ಕೋಟಿ ವರ್ಷಗಳಿಗಿಂತ ಹಳೆಯದು. ಕಾವು ಒತ್ತಡಗಳಲ್ಲಿ ಬೆಂದು ಗಟ್ಟಿಯಾದ ಇಂಥ ಕಲ್ಲಿನಲ್ಲಿ ಅನಿಲ ಹುಡುಕಬೇಕಾಗಿಲ್ಲ. ಶೇಲ್ ಎಂದರೆ ಪ್ರಾಚೀನ ಕಡಲ ತಳದಲ್ಲೋ ಕೆರೆಗಳಲ್ಲೋ ಜೀವಿಗಳ ಅವಶೇಷದೊಂದಿಗೆ ಕೆಸರು ಪದರಪದರವಾಗಿ ಕೂತು ಕಲ್ಲಾದದ್ದು. ಆ ಅವಶೇಷವೇ ಅನಿಲವಾಗಿ, ಒಂದಕ್ಕೊಂದು ಕೂಡಿಕೊಳ್ಳದ ಅತಿ ಸಣ್ಣ ರಂಧ್ರಗಳಲ್ಲಿ ಸಿಕ್ಕಿಬಿದ್ದಿರುತ್ತದೆ. ನಮ್ಮ ದೇಶದಲ್ಲಿ ದಾಮೋದರ, ಖಂಭಾತ್, ಕೃಷ್ಣಾ-ಗೋದಾವರಿ, ಕಾವೇರಿ ಜಲಾನಯನಗಳಲ್ಲಿ ಇಂಥ ಪದರಗಳಿವೆ. ಪಶ್ಚಿಮ ಬಂಗಾಳದ ದುರ್ಗಾಪುರದ ಬಳಿ ಒಎನ್‌ಜಿಸಿ ಕೊರೆದ ಬಾವಿಯಲ್ಲಿ 2011ರ ಜನವರಿಯಲ್ಲಿ ಸುಮಾರು 1,700 ಮೀಟರ್ ಆಳದಿಂದ ಅನಿಲ ಹೊಮ್ಮಿತು. ನಮ್ಮ ಹೇಮಾವತಿ ಹೋಗಿ ಸೇರುವ ಕಾವೇರಿಯ ಮುಖಜ ಭೂಮಿಯಲ್ಲಾದರೋ, ತಮಿಳುನಾಡು 2020ರಲ್ಲಿ ಕಾಯ್ದೆ ಮಾಡಿ ಹೊಸ ಶೇಲ್ ಅನಿಲದ ಅನ್ವೇಷಣೆಯನ್ನು ನಿಷೇಧಿಸಿತು.

ಜಾಗ ಗೊತ್ತಾದ ಮೇಲೆ, ಕೊರೆಯುವ ಮುನ್ನವೇ ಸುತ್ತಲಿನ ಪ್ರತಿಯೊಂದು ನೀರಿನ ಬಾವಿಯ ಮಾದರಿ ತೆಗೆದು ಶೇಲ್ ಅನಿಲದ ಮುಖ್ಯ ಅಂಶವಾದ ಮೀಥೇನ್, ಉಪ್ಪಿನಂಶ ಎಷ್ಟಿದೆಯೆಂದು ಬರೆದಿಡಬೇಕು. ಯೋಜನೆಯ ಕಡತದಲ್ಲಿ ನಾನಾದರೆ ಮೊದಲು ಹುಡುಕುವುದು ಈ ಪುಟವನ್ನೇ. ಇದು ಇಲ್ಲದಿದ್ದರೆ, ಮುಂದೆ ನೀರು ಕೆಟ್ಟಾಗ ಅದು ಮೊದಲೇ ಹಾಗಿತ್ತೋ ಈಗ ಕೆಟ್ಟಿತೋ ಎಂದು ಹೇಳಲು ರೈತನ ಕೈಯಲ್ಲಿ ಯಾವ ಆಧಾರವೂ ಉಳಿಯುವುದಿಲ್ಲ.

ಬಳಿಕ ನೇರ ಕೊರೆತ. ನಮ್ಮ ಬೋರಿನಲ್ಲಿ ಗಾಳಿಯ ರಭಸ ಕಲ್ಲುಪುಡಿಯನ್ನು ಮೇಲೆ ತಂದರೆ, ಅಲ್ಲಿ ಹೆಚ್ಚಿನ ಆಳದಲ್ಲಿ ಆ ಕೆಲಸವನ್ನು ಬೆಂಟೊನೈಟ್ ಎಂಬ ಜೇಡಿ, ಬೆರೈಟ್ ಎಂಬ ಭಾರದ ಖನಿಜದ ಪುಡಿ ಬೆರೆಸಿದ ಮಂದ ಕೆಸರು ಮಾಡುತ್ತದೆ. ಕುಡಿಯುವ ನೀರಿನ ಪದರಗಳನ್ನು ದಾಟಿದ ಕೂಡಲೇ ಕೊರೆತ ನಿಲ್ಲಿಸಿ, ಉಕ್ಕಿನ ಕೇಸಿಂಗ್ ಇಳಿಸಿ, ಅದರ ಒಳಗಿನಿಂದ ಸಿಮೆಂಟ್ ಗಾರೆಯನ್ನು ಒತ್ತುತ್ತಾರೆ. ಗಾರೆ ಪೈಪಿನ ಬುಡ ತಲುಪಿ, ಹೊರಗಿನ ಸಂದಿಯಲ್ಲಿ ಮೇಲೇರುತ್ತಾ ನೆಲದ ಮಟ್ಟದಲ್ಲಿ ಉಕ್ಕಿ ಕಾಣಿಸಬೇಕು. ಕಾಣಿಸದಿದ್ದರೆ ನಡುವೆ ಎಲ್ಲೋ ಪೊಳ್ಳು ಉಳಿದಿರಬಹುದೆಂದೇ ತಿಳಿಯಬೇಕು. ಸಿಮೆಂಟ್ ಗಟ್ಟಿಯಾಗಲು ಗಂಟೆಗಟ್ಟಲೆ ಕಾದು, ಒತ್ತಡ ಹಾಕಿ ಪರೀಕ್ಷಿಸಿ, ಆಮೇಲೆ ಒಳಗೆ ಕಡಿಮೆ ವ್ಯಾಸದ ಮತ್ತೊಂದು ಕೊರೆತ, ಮತ್ತೊಂದು ಕೇಸಿಂಗ್. ಅಮೆರಿಕದ ಪೆನ್ಸಿಲ್ವೇನಿಯಾದ ಡಿಮಾಕ್‌ನಲ್ಲಿ 2009ರ ಮೊದಲ ದಿನ ಮನೆಯೊಂದರ ನೀರಿನ ಬಾವಿ ಸಿಡಿಯಿತು. ಅನಿಲದ ಬಾವಿಗಳ ಕೇಸಿಂಗ್ ಮತ್ತು ಸಿಮೆಂಟಿನ ಲೋಪದಿಂದ ಮೀಥೇನ್ ಅಲ್ಲಿನ ಅಂತರ್ಜಲಕ್ಕೆ ಸೇರಿತೆಂದು ಆ ರಾಜ್ಯದ ಪರಿಸರ ಇಲಾಖೆ ನಿರ್ಣಯಿಸಿತು. ಸಾವಿರಾರು ಅಡಿ ಆಳದ ಬಿರುಕುಗಳಿಗೆ ಹೆದರುವವರು ಮೇಲಿನ ಈ ಕೆಲವು ನೂರು ಅಡಿಗಳನ್ನು ಮರೆಯುವುದನ್ನು ನಾನು ಪದೇಪದೇ ಕಂಡಿದ್ದೇನೆ.

ಶೇಲ್ ಪದರದ ಹತ್ತಿರ ಬಂದಾಗ ಬಾವಿಯನ್ನು ನಿಧಾನವಾಗಿ ಬಾಗಿಸಿ ಅಡ್ಡಕ್ಕೆ ತಿರುಗಿಸುತ್ತಾರೆ. ಪೆನ್ಸಿಲ್ವೇನಿಯಾದ ಮಾರ್ಸೆಲಸ್ ಶೇಲ್‌ನಲ್ಲಿ ಈ ತಿರುವು ಸಾಮಾನ್ಯವಾಗಿ 5,000ದಿಂದ 8,000 ಅಡಿ ಆಳದಲ್ಲಿರುತ್ತದೆ. ಅಲ್ಲಿಂದ ಬಾವಿ ಪದರದೊಳಗೇ ಒಂದು ಮೈಲಿ, ಕೆಲವೊಮ್ಮೆ ಎರಡು ಮೈಲಿ ಸಾಗುತ್ತದೆ.

ಇನ್ನು ಬಿರುಕು ಬಿಡಿಸುವ ಹಂತ. ಅಡ್ಡ ಕೊಳವೆಯ ತುದಿಯಿಂದ ಆರಂಭಿಸಿ, ಸಣ್ಣ ಸ್ಫೋಟಕಗಳಿಂದ ಕೇಸಿಂಗಿಗೆ ತೂತು ಮಾಡಿ, ಮರಳು ಬೆರೆಸಿದ ನೀರನ್ನು ಭಾರೀ ಒತ್ತಡದಲ್ಲಿ ನುಗ್ಗಿಸುತ್ತಾರೆ. ಕಲ್ಲು ಸೀಳಿದಾಗ ಮರಳಿನ ಕಣಗಳು ಸೀಳಿನಲ್ಲಿ ಸಿಕ್ಕಿ ಅದು ಮುಚ್ಚಿಕೊಳ್ಳದಂತೆ ತಡೆಯುತ್ತವೆ. ಒಂದು ಭಾಗ ಮುಗಿದ ಮೇಲೆ ಅದಕ್ಕೆ ಬಿರಡೆ ಹಾಕಿ ಹಿಂದಿನ ಭಾಗಕ್ಕೆ ಬರುತ್ತಾರೆ. ಬತ್ತಿದ ಕೊಳವೆ ಬಾವಿಗೆ ಒತ್ತಡದ ನೀರು ಬಿಟ್ಟು ಬಿರುಕು ತೆರೆಸುವುದನ್ನು ನಮ್ಮ ಕಡೆಯವರೂ ಬಲ್ಲರು. ಆದರೆ ಅದರಲ್ಲಿ ಸಾಮಾನ್ಯವಾಗಿ ಬರಿಯ ನೀರು. ಅನಿಲದ ಬಾವಿಗೆ ಸೇರಿಸುವ ರಾಸಾಯನಿಕ ಒಟ್ಟು ಮಿಶ್ರಣದಲ್ಲಿ ಶೇಕಡಾ ಒಂದರಷ್ಟೋ ಅದಕ್ಕಿಂತ ಕಡಿಮೆಯೋ ಇರುತ್ತದೆ. ಕೇಳಲು ಅಲ್ಪವೆನಿಸಿದರೂ, ಒಂದು ಬಾವಿಗೆ ಒಂದೂವರೆ ಕೋಟಿ ಲೀಟರ್ ನೀರು ಹಿಡಿದರೆ ಅದರ ಶೇಕಡಾ ಒಂದು ಎಂದರೆ ಒಂದೂವರೆ ಲಕ್ಷ ಲೀಟರ್. ಅಷ್ಟು ನೀರನ್ನು ಹನ್ನೆರಡು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತರುವುದಾದರೆ 1,250 ಸಲ ಓಡಾಡಬೇಕು. ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಬಿಂದಿಗೆ ಸಾಲಿಟ್ಟು ಕಾಯುವ ಊರಿನವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಒತ್ತಡ ಬಿಟ್ಟ ಕೂಡಲೇ ಆ ನೀರಿನ ಒಂದು ಪಾಲು ವಾಪಸು ಬರುತ್ತದೆ. ಮಾರ್ಸೆಲಸ್‌ನಲ್ಲಿ ಅದು ಸಮುದ್ರದ ನೀರಿಗಿಂತಲೂ ಉಪ್ಪು. ಆಳದ ಕಲ್ಲಿನಲ್ಲಿರುವ, ವಿಕಿರಣ ಸೂಸುವ ರೇಡಿಯಂ ಕೂಡ ಜೊತೆಗೆ ಬರುತ್ತದೆ. ಅದನ್ನು ಶುದ್ಧಮಾಡಿ ಮುಂದಿನ ಬಾವಿಗೆ ಬಳಸಬೇಕು, ಇಲ್ಲವೇ ಆಳದ ಬೇರೊಂದು ಪದರಕ್ಕೆ ಇಳಿಸಬೇಕು. ಅಮೆರಿಕದ ಒಕ್ಲಹೋಮಾ ರಾಜ್ಯದಲ್ಲಿ ತೈಲ-ಅನಿಲ ಬಾವಿಗಳ ತ್ಯಾಜ್ಯ ನೀರನ್ನು ಹೀಗೆ ಇಳಿಸಿದ್ದರಿಂದ ಭೂಕಂಪಗಳು ಹೆಚ್ಚಿದವು. 2016ರಲ್ಲಿ ಪಾನಿ ಎಂಬಲ್ಲಿ 5.8 ತೀವ್ರತೆಯ ಕಂಪನವಾಯಿತು.

ಬಂದ ಅನಿಲದ ತೇವ ತೆಗೆದು, ಒತ್ತಡ ಏರಿಸಿ ಕೊಳವೆ ಮಾರ್ಗಕ್ಕೆ ಸೇರಿಸುವುದು ಸರಳ ಕೆಲಸ. ಇಳುವರಿ ಮಾತ್ರ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಕೆಳಗೆ ಇಳಿಯುವುದು ಸಾಮಾನ್ಯವಾದ್ದರಿಂದ ಮತ್ತೆ ಮತ್ತೆ ಹೊಸ ಬಾವಿ ಕೊರೆಯುತ್ತಲೇ ಇರಬೇಕಾಗುತ್ತದೆ. ಆದ್ದರಿಂದ ಯೋಜನೆಯನ್ನು ನೋಡುವಾಗ ಈ ವರ್ಷ ಎಷ್ಟು ಬಾವಿ ಎಂದಷ್ಟೇ ಕೇಳದೆ, ಇಪ್ಪತ್ತು ವರ್ಷಗಳಲ್ಲಿ ಒಟ್ಟು ಎಷ್ಟು ಎಂದು ಕೇಳಬೇಕು.

ಕೊನೆಯದು ಮುಚ್ಚುವಿಕೆ. ನೀರು ಬೀಳದ ಬೋರಿನ ಬಾಯಿಗೆ ಚಪ್ಪಡಿ ಎಳೆದು ಹೋಗುವಂತೆ ಇದನ್ನು ಬಿಟ್ಟುಹೋಗಲಾಗದು. ಅನಿಲದ ಪದರದ ಬಳಿ, ಕುಡಿಯುವ ನೀರಿನ ಪದರದ ಕೆಳಗೆ, ನೆಲದ ಹತ್ತಿರ ಹೀಗೆ ಹಲವು ಕಡೆ ಸಿಮೆಂಟ್ ತುಂಬಿ, ಕೇಸಿಂಗನ್ನು ನೆಲಮಟ್ಟಕ್ಕಿಂತ ಕೆಳಗೆ ಕತ್ತರಿಸಿ, ಉಕ್ಕಿನ ತಟ್ಟೆ ಬೆಸೆದು ಮಣ್ಣು ಮುಚ್ಚಬೇಕು. ಇದರ ಖರ್ಚಿಗೆ ಬೇಕಾದ ಠೇವಣಿಯನ್ನು ಕೊರೆಯುವ ಅನುಮತಿ ಕೊಡುವ ದಿನವೇ ಕಂಪನಿಯಿಂದ ಕಟ್ಟಿಸಿಕೊಳ್ಳಬೇಕು.