ಅಬಾರ್ತ್ ಪುಂಟೋಗೆ ಡೀಸೆಲ್ ಪುಂಟೋ ಸ್ಪ್ರಿಂಗ್: ನನ್ನ ಅನುಭವ

ನನ್ನ ಅಬಾರ್ತ್ ಪುಂಟೋ (ಫಿಯೆಟ್ ಪುಂಟೋ ಕಾರಿನ ಹೆಚ್ಚು ಶಕ್ತಿಯ ಪೆಟ್ರೋಲ್ ಮಾದರಿ) ಈಗ ಮುಂದೆ 18 ಮಿ.ಮೀ., ಹಿಂದೆ 12 ಮಿ.ಮೀ. ಮೇಲೆದ್ದು ನಿಂತಿದೆ. ಹೀಗೇ 22,000 ಕಿ.ಮೀ. ಓಡಿದೆ. ತಳ ತಾಗುತ್ತಿಲ್ಲ, ತಿರುವಿನಲ್ಲಿ ವಾಲುತ್ತಿಲ್ಲ. ಡೀಸೆಲ್ ಪುಂಟೋದ ಸ್ಪ್ರಿಂಗ್ ಅಬಾರ್ತ್‌ಗೆ ಆಗೋದೇ ಇಲ್ಲ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಗೊತ್ತಿರುವವರಿಗೆ ಜಾಸ್ತಿ ಹೇಳಬೇಕಿಲ್ಲ. 2015ರ ಅಕ್ಟೋಬರ್‌ನಲ್ಲಿ ಬಂದಾಗ ಶೋರೂಂ ಬೆಲೆ 9.95 ಲಕ್ಷ. 1.4 ಲೀಟರ್ ಟಿ-ಜೆಟ್ ಟರ್ಬೊ ಎಂಜಿನ್, 145 ಎಚ್‌ಪಿ, ನಾಲ್ಕೂ ಚಕ್ರಕ್ಕೆ ಡಿಸ್ಕ್. ಆ ದುಡ್ಡಿಗೆ ಅಂಥ ಗಾಡಿ ಆಮೇಲೆ ಬಂದಿಲ್ಲ ಅಂತಲೇ ನನ್ನ ನಂಬಿಕೆ. ನನ್ನದು 2016ರದು, ನಾನು ಎರಡನೇ ಓನರ್. ತಳದ ಎತ್ತರ 155 ಮಿ.ಮೀ. ನಂದಿ ಬೆಟ್ಟದ ತಿರುವುಗಳಿಗೆ ಅದು ಹೇಳಿ ಮಾಡಿಸಿದ ಎತ್ತರ. ಬೆಂಗಳೂರಿನ ಬನಶಂಕರಿಯ ನಮ್ಮ ಬೀದಿಗೆ ಅಲ್ಲ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಪ್ರಕಾರ 25 ಕಿ.ಮೀ. ವೇಗದ ಹಂಪ್ ಅಂದರೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಮನೆ ತಿರುವಿನ ಹಂಪನ್ನು ನಾನೇ ಟೇಪ್ ಹಿಡಿದು ಅಳೆದೆ. ಎತ್ತರ 14 ಸೆಂ.ಮೀ., ಅಗಲ ಒಂದು ಮೀಟರೂ ಇಲ್ಲ. ಮುಂದಿನ ಚಕ್ರ ಇಳಿದು, ಹಿಂದಿನದು ಇನ್ನೂ ಹತ್ತುವ ಮೊದಲೇ ಹೊಟ್ಟೆ ಅದರ ಮೇಲೆ ಕೂರುತ್ತಿತ್ತು. ನಾಲ್ಕು ಜನ ಕೂತರೆ ಕೆರೆಯುವುದು ಗ್ಯಾರಂಟಿ. ಅಮ್ಮನಿಗೆ ಮಂಡಿ ನೋವು. ಆದರೂ ಪ್ರತಿ ಸಲ ಹಂಪ್ ಹತ್ತಿರ ಇಳಿದು, ಆ ಕಡೆ ನಡೆದು ಹೋಗಿ, ಮತ್ತೆ ಹತ್ತುತ್ತಿದ್ದರು. "ನಿನ್ನ ಗಾಡಿಗೆ ಪೆಟ್ಟಾಗಬಾರದು ಕಣೋ" ಅನ್ನುತ್ತಿದ್ದರು. ಅದನ್ನು ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ.

ಎತ್ತರ ಹೊಂದಿಸಬಹುದಾದ ಹೊರದೇಶದ ಕಾಯಿಲ್‌ಓವರ್ ಸಸ್ಪೆನ್ಷನ್ ಕಿಟ್‌ಗೆ ಲಕ್ಷದ ಹತ್ತಿರ ಹೇಳಿದರು. ಅದು ನನ್ನ ಕೈಗೆ ಎಟುಕುವ ಮಾತಲ್ಲ. ಪುಂಟೋ, ಲಿನಿಯಾ, ಅವೆಂಚುರಾ, ಅಬಾರ್ತ್ ಎಲ್ಲವೂ ಪುಣೆ ಹತ್ತಿರದ ರಂಜನ್‌ಗಾಂವ್‌ನ ಒಂದೇ ಕಾರ್ಖಾನೆಯಿಂದ ಬಂದ ಅಣ್ಣತಮ್ಮಂದಿರು. ಒಬ್ಬನ ಅಂಗಿ ಇನ್ನೊಬ್ಬನಿಗೆ ಆಗಲೇಬೇಕು ಅಂತ ಹೊರಟೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಸ್ಪ್ರಿಂಗ್ ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್, ನಾಲ್ಕಕ್ಕೆ 3,000 ರೂಪಾಯಿ ಹತ್ತಿರ. ಎತ್ತರ ಬಂತು, ನಿಜ. ಆದರೆ ಒಂದು ಸುತ್ತು ಕೆಲಸ ಮಾಡದ ಹಾಗೆ ಕಟ್ಟಿಹಾಕಿದರೆ ಉಳಿದ ಸುತ್ತುಗಳ ಮೇಲೆ ಎಲ್ಲಾ ಭಾರ. ಗುಂಡಿ ಬಿದ್ದ ಕಡೆಯೆಲ್ಲಾ ಗಾಡಿ ಚೆಂಡಿನ ಥರ ಪುಟಿಯುತ್ತಿತ್ತು. ಕನಕಪುರ ರಸ್ತೆಯಲ್ಲಿ ಒಂದು ಭಾನುವಾರ ಓಡಿಸಿ, ಸಂಜೆಯೇ ಕಿತ್ತು ಬಿಸಾಡಿದೆ.

ಆಮೇಲೆ ಅವೆಂಚುರಾ, ಅಂದರೆ ಎತ್ತರಿಸಿದ ಪುಂಟೋ. ಅದರ ತಳದ ಎತ್ತರ 205 ಮಿ.ಮೀ. ಪುಣೆಯಲ್ಲಿ ಆಕ್ಸಿಡೆಂಟ್ ಆದ ಒಂದು ಗಾಡಿಯ ನಾಲ್ಕೂ ಶಾಕ್ಸ್ (ಸ್ಪ್ರಿಂಗ್ ಪುಟಿಯುವುದನ್ನು ತಡೆಯುವ ಶಾಕ್ ಅಬ್ಸಾರ್ಬರ್), ಸ್ಪ್ರಿಂಗ್ ಸಮೇತ 14,000ಕ್ಕೆ ಸಿಕ್ಕಿತು. ಹಾಕಿಸಿದೆ. ಗಾಡಿ ಐದು ಸೆಂ.ಮೀ. ಹತ್ತಿರ ಎದ್ದು ನಿಂತಿತು. ಹಂಪ್ ಮೇಲೆ ರಾಜನ ಥರ ಹೋಯಿತು. ಆದರೆ ಸ್ಟಿಯರಿಂಗ್ ತಿರುಗಿಸಿದರೆ ಮೊದಲು ವಾಲುವುದು, ಆಮೇಲೆ ತಿರುಗುವುದು. ಅದಕ್ಕಿಂತ ದೊಡ್ಡ ತೊಂದರೆ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್‌ದು. ಎರಡನೇ ಗೇರಿನಲ್ಲಿ ಟರ್ಬೊ ಎದ್ದರೆ ಸಾಕು, ಮುಂದಿನಿಂದ ಒಂಥರಾ ನಡುಕ. ಶಾಫ್ಟ್ ಕೋನ ಜಾಸ್ತಿಯಾಗಿ ಒಳಗಿನ ಜಾಯಿಂಟ್ ಒದ್ದಾಡುತ್ತಿತ್ತು. ಎರಡು ತಿಂಗಳಲ್ಲಿ ಜಾಯಿಂಟ್ ಮುಚ್ಚುವ ಒಂದು ರಬ್ಬರ್ ಬೂಟ್ ಹರಿದು ಗ್ರೀಸ್ ರಿಮ್ ತುಂಬಾ ಎರಚಿತ್ತು. ಬೂಟ್, ಗ್ರೀಸ್, ಕೂಲಿ ಸೇರಿ 3,000 ಹೋಯಿತು. ಸೆಟ್ ಅನ್ನು 8,000ಕ್ಕೆ ಮಾರಿದೆ.

ಇದೇ ಸಮಯದಲ್ಲಿ ಇನ್ನೊಂದು ನಷ್ಟವೂ ಆಯಿತು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಒಳ್ಳೊಳ್ಳೆ ಕೈಯವರೂ ಇಲ್ಲಿ ತಪ್ಪುತ್ತಾರೆ. ಚಕ್ರವನ್ನು ಕೆಳಗಿನಿಂದ ಗಾಡಿಗೆ ಜೋಡಿಸುವ ಲೋಯರ್ ಆರ್ಮ್‌ನ ರಬ್ಬರ್ ಬುಷ್ ಬೋಲ್ಟ್ ಅನ್ನು ಗಾಡಿ ಜಾಕ್ ಮೇಲಿದ್ದಾಗಲೇ ಬಿಗಿ ಮಾಡಿದ್ದರು. ಚಕ್ರ ಜೋತಾಡುವಾಗ ಬಿಗಿ ಮಾಡಿದರೆ, ಗಾಡಿ ಇಳಿಸಿದ ತಕ್ಷಣ ಆ ರಬ್ಬರ್ ತಿರುಚಿಕೊಂಡೇ ಇರುತ್ತದೆ. ನಿಂತಾಗಲೂ ಅದಕ್ಕೆ ಬಿಡುವಿಲ್ಲ. 3,000 ಕಿ.ಮೀ. ಒಳಗೆ ಎರಡೂ ಕಡೆ ಬುಷ್ ಸೀಳಿತು. ಎರಡು ಹೊಸ ಆರ್ಮ್, 8,000. ಈಗ ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಬೋಲ್ಟ್ ಕೈಯಲ್ಲಿ ಕೂರಿಸಿ, ಗಾಡಿ ಇಳಿಸಿ, ನಾಲ್ಕು ಸಲ ಅದುಮಿ, ಚಕ್ರದ ಮೇಲೆ ಭಾರ ಕೂತ ಮೇಲೆಯೇ ಕೊನೆಯ ಬಿಗಿ.

ಮೂರನೇ ಯೋಚನೆ ಬಂದದ್ದು ವೇಬ್ರಿಡ್ಜ್ ಮೇಲೆ. ಗೆಳೆಯನ ಹತ್ತಿರ 90 ಎಚ್‌ಪಿ ಮಲ್ಟಿಜೆಟ್ ಡೀಸೆಲ್ ಪುಂಟೋ ಇದೆ. ಮೈಸೂರು ರಸ್ತೆಯ ಒಂದು ವೇಬ್ರಿಡ್ಜ್‌ನಲ್ಲಿ ಲಾರಿಗಳ ಸಾಲಿನಲ್ಲಿ ಎರಡೂ ಗಾಡಿ ನಿಲ್ಲಿಸಿ, ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಗಿಸಿದೆವು. ನನ್ನದು ಮುಂದೆ 730 ಕೆ.ಜಿ. ಆಸುಪಾಸು, ಅವನದು 760. ಅಲ್ಲಿನ ತಕ್ಕಡಿ ಹತ್ತು ಕೆ.ಜಿ. ಆಚೀಚೆ ಹೇಳುತ್ತದೆ, ಆದರೂ ಲೆಕ್ಕಕ್ಕೆ ಸಾಕು. ಡೀಸೆಲ್ ಮೂತಿ ಭಾರ. ಹಾಗಾದರೆ ಅದರ ಮುಂದಿನ ಸ್ಪ್ರಿಂಗ್ ನನ್ನ ಗಾಡಿಗೆ ಬಂದರೆ ಎತ್ತಿ ಹಿಡಿಯಬೇಕು. ಬರೀ ತೂಕದಿಂದ ಸಿಗುವುದು ಐದಾರು ಮಿ.ಮೀ. ಮಾತ್ರ. ಉಳಿದದ್ದು ಸ್ಪ್ರಿಂಗ್ ಉದ್ದದಿಂದ ಬರಬೇಕು.

ಹೊಸ ಜೋಡಿ 6,500ಕ್ಕೆ ತಂದೆ. ಕಂಬಿ ದಪ್ಪ ಅಳೆಯಲು ಬಣ್ಣ ಕೆರೆದು ವರ್ನಿಯರ್ ಹಿಡಿದೆ. ಹೀಗೆ ಅಳೆಯದೆ ಯಾರೂ ಸ್ಪ್ರಿಂಗ್ ಬದಲಿಸಬೇಡಿ. ಕಂಬಿ 12 ಮಿ.ಮೀ.ನಿಂದ 12.5 ಆದರೂ ಸಾಕು, ಬಿಗಿ ಸುಮಾರು 18% ಏರುತ್ತದೆ. ಅರ್ಧ ಮಿಲಿಮೀಟರ್ ಕಣ್ಣಿಗೆ ಕಾಣುವುದಿಲ್ಲ, ಸೊಂಟಕ್ಕೆ ಗೊತ್ತಾಗುತ್ತದೆ. ನನ್ನ ಕೈಗೆ ಬಂದ ಜೋಡಿಯ ಕಂಬಿ ಅಬಾರ್ತ್ ಸ್ಪ್ರಿಂಗ್‌ನಷ್ಟೇ ದಪ್ಪ ಇತ್ತು, ಉದ್ದ ಮಾತ್ರ ಜಾಸ್ತಿ. ನನಗೆ ಬೇಕಾದದ್ದೂ ಅದೇ. ಬಿಗಿ ಹಾಗೇ ಇರಲಿ, ಎತ್ತರ ಬರಲಿ.

ಅಬಾರ್ತ್ ಶಾಕ್ಸ್ ಮೇಲೆ ಅದನ್ನು ಕೂರಿಸಿದೆವು. ನಮ್ಮ ಮೆಕ್ಯಾನಿಕ್ ಭಾಯ್ ಸ್ಪ್ರಿಂಗ್ ಕಂಪ್ರೆಸರ್ ತಿರುಗಿಸುತ್ತಲೇ ಹೇಳಿದರು, "ಸಾರ್, ಕೂರೋದೇನೋ ಕೂರುತ್ತೆ. ಆದ್ರೆ ನೀವು ನಾಳೆ ಬರ್ತೀರ." ಅವರು ಹೇಳಿದಂತೆಯೇ ಆಯಿತು. ಪ್ರತಿ ಹಂಪ್ ಇಳಿದಾಗಲೂ ಬಾನೆಟ್ ಒಳಗಿನಿಂದ "ಟಕ್" ಅಂತ ಒಂದೇ ಪೆಟ್ಟು. ಎತ್ತರ ಏರಿದ್ದರಿಂದ ಕೆಳಗೆ ಚಾಚಲು ಶಾಕ್ಸ್‌ಗೆ ಉದ್ದ ಉಳಿದಿರಲಿಲ್ಲ. ಚಕ್ರ ಜೋತಾಗ ರಾಡ್ ಪೂರ್ತಿ ಹೊರಗೆ ಬಂದು ತುದಿಗೆ ಬಡಿಯುತ್ತಿತ್ತು. ಎಲ್ಲರೂ "ನಾವು ಹೇಳಿರಲಿಲ್ವಾ" ಅಂದದ್ದು ಇದೇ ಹಂತದಲ್ಲಿ. ಬಹಳ ಜನ ಕೈಬಿಡುವುದೂ ಇಲ್ಲೇ.

ಎತ್ತರಕ್ಕೆ ತಕ್ಕ ಉದ್ದದ ಶಾಕ್ಸ್ ಬೇಕಾದರೆ 90 ಎಚ್‌ಪಿ ಗಾಡಿಯದನ್ನೇ ಹಾಕಬೇಕು. ಜೋಡಿ 9,000. ಚಕ್ರ ಕೂರುವ ನಕಲ್‌ಗೆ ಸರಿಯಾಗಿ ಕೂತವು. ಲಿಂಕ್ ರಾಡ್ ಕಿವಿ, ಬ್ರೇಕ್ ಹೋಸ್ ಕ್ಲಿಪ್ ಎರಡನ್ನೂ ಹಳೆಯದರ ಪಕ್ಕ ಇಟ್ಟು ನೋಡಿಯೇ ತನ್ನಿ. ಟಕ್ ಸದ್ದು ನಿಂತಿತು. ಆದರೆ ಗಾಡಿ ಮೆತ್ತಗಾಯಿತು. ನೈಸ್ ರೋಡಿನ ಸೇತುವೆ ಜಾಯಿಂಟ್ ದಾಟಿದ ಮೇಲೆ ಮೂತಿ ಎರಡು ಸಲ ತೂಗಾಡುತ್ತಿತ್ತು. ಅಬಾರ್ತ್ ಶಾಕ್ಸ್‌ನಲ್ಲಿ ಒಂದೇ ಏಟಿಗೆ ನಿಲ್ಲುತ್ತಿತ್ತು.

ಆ ಶಾಕ್ಸ್ ಒಳಗಿನ ತಡೆಯನ್ನೇ ಬದಲಾಯಿಸಿದರೆ ಹೇಗೆ? ಹೊಸ ಶಾಕ್ಸ್ ಕತ್ತರಿಸುವುದಾ ಅಂತ ಎಲ್ಲರೂ ಬೈದರು. ಜೆ.ಸಿ. ರಸ್ತೆಯ ಹಿಂದಿನ ಓಣಿಗಳಲ್ಲಿ ಸೀಲ್ ಆದ ಶಾಕ್ಸ್ ಬಿಚ್ಚಿ, ಎಣ್ಣೆ ಬದಲಿಸಿ, ಮತ್ತೆ ಗ್ಯಾಸ್ ತುಂಬಿ ಮುಚ್ಚುವವರಿದ್ದಾರೆ. ಸಾಮಾನ್ಯವಾಗಿ ಅವರು ಮಾಡುವುದು ಸೋರುವ ಹಳೇ ಶಾಕ್ಸ್‌ಗೆ. ಹೊಸದನ್ನು ತಂದು ಕೊಟ್ಟವನು ನಾನೇ ಮೊದಲು ಅಂದರು. ಒಂದಕ್ಕೆ 2,000.

ಅಳೆಯುವುದು ಹೇಗೆ? ಶಾಕ್ಸ್ ಪರೀಕ್ಷಿಸುವ ಡೈನೋ ಯಂತ್ರ ಎಲ್ಲಿಂದ ತರೋಣ? ನಾನು ಮನೆಯಲ್ಲೇ ಒಂದು ದಾರಿ ಮಾಡಿಕೊಂಡೆ. ಇದು ನನ್ನದೇ, ಎಲ್ಲೂ ನೋಡಿ ಕಲಿತದ್ದಲ್ಲ. ಶಾಕ್ಸ್ ಅನ್ನು ತಲೆಕೆಳಗಾಗಿ ಕಿಟಕಿ ಗ್ರಿಲ್‌ಗೆ ಕಟ್ಟಿ, ರಾಡ್ ತುದಿಗೆ 20 ಕೆ.ಜಿ. ಜಿಮ್ ಪ್ಲೇಟ್ ತೂಗುಹಾಕಿದೆ. ಪಕ್ಕದಲ್ಲಿ ಸ್ಕೇಲ್. ಮಗಳು ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಹಿಡಿದಳು. ರಾಡ್ ಹತ್ತು ಸೆಂ.ಮೀ. ಹೊರಗೆ ಬರಲು ಎಷ್ಟು ಹೊತ್ತು ಅನ್ನುವುದಷ್ಟೇ ಲೆಕ್ಕ. ಅಬಾರ್ತ್‌ದು ಮೂರು ಸೆಕೆಂಡ್ ಚಿಲ್ಲರೆ. 90 ಎಚ್‌ಪಿಯದು ಎರಡು. ಮೊದಲ ಸಲ ಬಿಚ್ಚಿ ಮುಚ್ಚಿದ ಮೇಲೆ ಎಡದ್ದು 2.9, ಬಲದ್ದು 2.2. ಹೀಗೆ ಹಾಕಿದ್ದರೆ ಎಡ ಬಲ ಒಂದೇ ಥರ ಕೆಲಸ ಮಾಡುತ್ತಿರಲಿಲ್ಲ. ವಾಪಸ್ ತೆಗೆದುಕೊಂಡು ಹೋಗಿ ವಿಡಿಯೋ ತೋರಿಸಿದೆ. ಅಂಗಡಿಯ ಹಿರಿಯರು ಎರಡು ಸಲ ನೋಡಿದರು. "ಇಷ್ಟು ವರ್ಷದಲ್ಲಿ ಯಾರೂ ಹೀಗೆ ಲೆಕ್ಕ ತಂದಿಲ್ಲ" ಅಂದು, ದುಡ್ಡು ತೆಗೆದುಕೊಳ್ಳದೆ ಮತ್ತೆ ಬಿಚ್ಚಿದರು. ಎರಡನೇ ಸಲ ಎರಡೂ ಮೂರು ಸೆಕೆಂಡಿನ ಹತ್ತಿರ ಬಂದು ನಿಂತವು. ಅವತ್ತು ನನಗೆ ಊಟವೇ ಬೇಕೆನಿಸಲಿಲ್ಲ.

ಎಣ್ಣೆ ಯಾವುದು, ಒಳಗಿನ ವಾಷರ್ ಎಷ್ಟು ಬದಲಾಯಿತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎಂಟು ತಿಂಗಳು ಕೊಟ್ಟಿದ್ದೇನೆ. ನಿಮ್ಮ ಶಾಕ್ಸ್ ತೂಗುಹಾಕಿ ನೋಡಿದರೆ ನಿಮಗೂ ದಾರಿ ಸಿಗುತ್ತದೆ.

ಗಾಡಿಯ ಹಿಂಭಾಗದ ಕೆಲಸ ಸುಲಭ. ಎರಡೂ ಚಕ್ರಕ್ಕೆ ಒಂದೇ ಅಡ್ಡ ತೊಲೆ (ಟಾರ್ಷನ್ ಬೀಮ್) ಆದ್ದರಿಂದ ಸ್ಪ್ರಿಂಗ್ ಬೇರೆ, ಶಾಕ್ಸ್ ಬೇರೆ. ಎರಡೂ ಅಬಾರ್ತ್‌ದೇ ಉಳಿಸಿಕೊಂಡು, ಸ್ಪ್ರಿಂಗ್ ಕೆಳಗೆ 10 ಮಿ.ಮೀ. ಪ್ಯಾಡ್ ಕೊಟ್ಟೆ. ಚಕ್ರದಲ್ಲಿ 12 ಸಿಕ್ಕಿತು. ಪ್ಯಾಡ್ ಯಾವುದರಿಂದ ಕತ್ತರಿಸಿದ್ದು ಅನ್ನುವುದೂ ನನ್ನಲ್ಲೇ ಇರಲಿ. ಮಾಮೂಲಿ ರಬ್ಬರ್ ಅಲ್ಲ ಅಂತಷ್ಟೇ ಹೇಳಬಲ್ಲೆ, ಅದು ಒಂದು ಬೇಸಿಗೆಯಲ್ಲಿ ಹಪ್ಪಳದಂತೆ ಚಪ್ಪಟೆಯಾಗುತ್ತದೆ. ಎತ್ತರವನ್ನು ಯಾವಾಗಲೂ ಚಕ್ರದ ಮಧ್ಯದಿಂದ ಫೆಂಡರ್ ಅಂಚಿಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರ್ ಗಾಳಿ ಲೆಕ್ಕ ಕೆಡಿಸುತ್ತದೆ.

ಟೈರ್ ಅಂದಾಗ ನೆನಪಾಯಿತು. ನಡುವೆ 195/55 ತೆಗೆದು 205/55 ಆರ್16 ಕೂಡ ಹಾಕಿ ನೋಡಿದ್ದೆ. ಲೆಕ್ಕದಲ್ಲಿ ಐದೂವರೆ ಮಿ.ಮೀ. ಎತ್ತರ ಪುಕ್ಕಟೆ. ಆದರೆ ಟೈರ್ ಸುತ್ತಳತೆ ಸುಮಾರು 1.8% ಜಾಸ್ತಿ, ಮೊದಲ ಗೇರಿನಲ್ಲಿ ಎದ್ದು ಹೋಗುವ ಚುರುಕು ಕಡಿಮೆ ಅನ್ನಿಸಿತು. ಹೈಡ್ರಾಲಿಕ್ ಸ್ಟಿಯರಿಂಗ್‌ನ ಆ ಬಿಗಿ ಹಿಡಿತವೂ ಸ್ವಲ್ಪ ಮಸುಕಾಯಿತು. ಅದಕ್ಕಾಗಿಯೇ ಈ ಗಾಡಿ ಇಟ್ಟುಕೊಂಡವನು ನಾನು. ವಾಪಸ್ 195ಕ್ಕೆ ಬಂದೆ.

ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ 58,000 ಹತ್ತಿರ. ಅದರಲ್ಲಿ ಈಗ ಗಾಡಿಯಲ್ಲಿ ಇರುವುದು ಸ್ಪ್ರಿಂಗ್, ಶಾಕ್ಸ್, ಅದರ ಕೆಲಸ, ಶಾಕ್ಸ್ ಮೇಲ್ತುದಿಯ ಹೊಸ ಟಾಪ್ ಮೌಂಟ್, ಒಂದು ಸಲದ ಕೂಲಿ, ಅಲೈನ್‌ಮೆಂಟ್ ಸೇರಿ 27,000. ಉಳಿದದ್ದು ಕಲಿತ ಫೀಸು. ನೀವು ನೇರವಾಗಿ ಕೊನೆಯ ಹಂತಕ್ಕೆ ಬಂದರೆ 27,000ದಲ್ಲೇ ಮುಗಿಯುತ್ತದೆ. ಅಲೈನ್‌ಮೆಂಟ್ ಮಾತ್ರ ಬಿಡಬೇಡಿ, ಎತ್ತರ ಏರಿದರೆ ಟೋ, ಅಂದರೆ ಚಕ್ರಗಳು ಒಳಗೆ ಹೊರಗೆ ತಿರುಗಿರುವ ಕೋನ, ಬದಲಾಗುತ್ತದೆ. ಹೆಡ್‌ಲೈಟನ್ನೂ ಸ್ವಲ್ಪ ಇಳಿಸಿಕೊಳ್ಳಿ, ಎದುರಿನವರ ಕಣ್ಣಿಗೆ ಬೀಳುತ್ತದೆ.

ಹೇಗೆ ಓಡುತ್ತಿದೆ? ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಒಮ್ಮೆ ಹಳೇ ಸಸ್ಪೆನ್ಷನ್‌ನಲ್ಲಿ, ಇನ್ನೊಮ್ಮೆ ಇದರಲ್ಲಿ ಹೋಗಿದ್ದೆ. 2.1 ಕಿ.ಮೀ. ಟ್ರ್ಯಾಕ್‌ನಲ್ಲಿ ನಾನು ಕಳೆದುಕೊಂಡದ್ದು ಅರ್ಧ ಸೆಕೆಂಡ್ ಇರಬಹುದು. ಅದನ್ನು ಸಂತೋಷವಾಗಿ ಕೊಡುತ್ತೇನೆ. ಭಾಯ್‌ಗೆ ಒಂದು ದಿನ ಕೀ ಕೊಟ್ಟು ಲಾಲ್‌ಬಾಗ್ ಸುತ್ತ ಒಂದು ರೌಂಡ್ ಕಳಿಸಿದೆ. ವಾಪಸ್ ಬಂದು ಏನೂ ಮಾತಾಡಲಿಲ್ಲ. ಮುಂದಿನ ಚಕ್ರದ ಹಿಂದೆ ಟಾರ್ಚ್ ಹಾಕಿ ಐದು ನಿಮಿಷ ನೋಡಿದರು. ಆಮೇಲೆ, "ಸಾರ್, ನನ್ನ ಹತ್ರ ಇನ್ನೊಂದು ಅಬಾರ್ತ್ ಬರುತ್ತೆ. ಅವರಿಗೂ ಮಾಡೋಣ್ವಾ?" ಅಂದರು. ಅದೂ ಆಯಿತು, ಈಗ ಬೆಂಗಳೂರಿನಲ್ಲಿ ಇಂಥವು ಎರಡಿವೆ.

ಹೋದ ತಿಂಗಳು ಮೈಸೂರಿಗೆ ಹೋದೆವು. ಅಮ್ಮ ಹಿಂದಿನ ಸೀಟಿನಲ್ಲಿ, ತೊಡೆ ಮೇಲೆ ಅಕ್ಕನ ಮನೆಗೆಂದು ತಿಳಿಸಾರಿನ ಡಬ್ಬಿ. ಮನೆ ತಿರುವಿನ ಹಂಪ್ ಬಂದಾಗ ಅಭ್ಯಾಸದಂತೆ ಬಾಗಿಲ ಹಿಡಿಗೆ ಕೈ ಹಾಕಿದರು. "ಕೂತ್ಕೋಮ್ಮ" ಅಂದೆ. ದಾಟಿತು. ಡಬ್ಬಿಯ ಮುಚ್ಚಳದ ಸುತ್ತ ಬೆರಳಾಡಿಸಿ, ಒದ್ದೆ ಇಲ್ಲ ಅಂತ ನೋಡಿಕೊಂಡು, ಸೆರಗು ಸರಿ ಮಾಡಿ ಕೂತರು.

ಮುಂದಿನ ಚಕ್ರಗಳಿಂದ ತೆಗೆದ ಹಳೆಯ ಅಬಾರ್ತ್ ಸ್ಪ್ರಿಂಗ್, ಶಾಕ್ಸ್ ಅಟ್ಟದ ಮೇಲಿವೆ. ಎಣ್ಣೆ ಸವರಿ, ಹಳೇ ಪಂಚೆಯಲ್ಲಿ ಸುತ್ತಿ, ಎಡ ಬಲ ಅಂತ ಬರೆದಿಟ್ಟಿದ್ದೇನೆ. ಗಾಡಿಯೇ ಬರುವುದು ನಿಂತ ಮೇಲೆ ಇಂಥವು ಮತ್ತೆ ಸಿಗುವುದು ಕಷ್ಟ, ಆದ್ದರಿಂದ ಮಾರಾಟಕ್ಕಿಲ್ಲ. ಚಳಿಗಾಲದ ಬೆಳಗ್ಗೆ ಮಾತ್ರ ಎಡ ಹಿಂಭಾಗದಿಂದ ಸಣ್ಣ ಕಿರ್ ಸದ್ದು ಬರುತ್ತದೆ. ಪ್ಯಾಡ್‌ದೇ ಇರಬೇಕು. 25,000 ಕಿ.ಮೀ.ಗೆ ಬಿಚ್ಚಿ ನೋಡುತ್ತೇನೆ.