ಡ್ರೈವ್‌ವೇ ಹಾಸಿನ ಖರ್ಚನ್ನು ಅಂದಾಜು ಮಾಡುವುದು ಹೇಗೆ?

ಮನೆಯ ಗೇಟಿನಿಂದ ಕಾರು ನಿಲ್ಲುವ ಜಾಗದವರೆಗಿನ ದಾರಿಗೆ ಹಾಸು ಹಾಕಿಸಲು ಹೊರಟವರು ಮೊದಲು ಕೇಳುವುದು ಚದರ ಅಡಿಗೆ ಎಷ್ಟು ದರ ಎಂದು. ಬಂದ ಉತ್ತರಗಳಲ್ಲಿ ಅತಿ ಕಡಿಮೆಯದನ್ನು ಒಪ್ಪಿಕೊಂಡು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಚಕ್ರ ಹಾಯುವ ಜಾಗವೆಲ್ಲ ಕುಸಿದು, ಅದೇ ಕೆಲಸಕ್ಕೆ ಮತ್ತೊಮ್ಮೆ ಹಣ ಕೊಟ್ಟವರನ್ನು ನಾನು ಹಲವು ಬಾರಿ ಕಂಡಿದ್ದೇನೆ. ಕಣ್ಣಿಗೆ ಕಾಣುವ ಕಲ್ಲಿನ ಬೆಲೆಯನ್ನು ಎಲ್ಲರೂ ಹೋಲಿಸುತ್ತಾರೆ. ಅದರಡಿಯಲ್ಲಿ ಎಷ್ಟು ಅಗೆದು ಏನನ್ನು ತುಂಬುತ್ತಾರೆ ಎಂದು ವಿಚಾರಿಸುವವರು ವಿರಳ. ದರಗಳ ನಡುವಿನ ದೊಡ್ಡ ಅಂತರ ಹುಟ್ಟುವುದು ಅಲ್ಲಿಯೇ.

ಹಂತ 1: ಅಳತೆ

ಉದ್ದ, ಅಗಲಗಳನ್ನು ನೀವೇ ಟೇಪು ಹಿಡಿದು ಅಳೆದು ಬರೆದಿಟ್ಟುಕೊಳ್ಳಿ. ಜಾಗ ಚಿಕ್ಕದಾದಷ್ಟೂ ಚದರ ಅಡಿಯ ದರ ಏರುತ್ತದೆ, ಏಕೆಂದರೆ ಯಂತ್ರವನ್ನು ತಂದು ಹಿಂದಿರುಗಿಸುವ ಖರ್ಚು ಎಷ್ಟೇ ಜಾಗವಿದ್ದರೂ ಒಂದೇ.

ಹಂತ 2: ಮಣ್ಣು, ಅಗೆತ ಮತ್ತು ತಳಪದರ

ಗಟ್ಟಿಯಾದ, ನೀರು ಬಸಿಯುವ ಮಣ್ಣಿನ ಮೇಲೆ ಕಾರಿನ ಓಡಾಟಕ್ಕೆ ದಮ್ಮಸ್ಸಾದ (ಬಡಿದು ಬಿಗಿಗೊಳಿಸಿದ) ಜಲ್ಲಿಯ ತಳಪದರ 150 ಮಿ.ಮೀ. ಇದ್ದರೆ ಸಾಕಾಗುತ್ತದೆ. ಆದರೆ ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುವ ಎರೆಮಣ್ಣಿನಲ್ಲಿ ಅದು ಸಾಲದು. ಅಲ್ಲಿ 300 ಮಿ.ಮೀ.ವರೆಗೆ ಬೇಕಾಗಬಹುದು. ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಿ. 10 ಮೀಟರ್ ಉದ್ದ, 3 ಮೀಟರ್ ಅಗಲದ ದಾರಿಗೆ 60 ಮಿ.ಮೀ. ಪೇವರ್ (ಬಿಡಿಬಿಡಿಯಾಗಿ ಜೋಡಿಸುವ ಕಾಂಕ್ರೀಟ್ ಹಾಸುಕಲ್ಲು), 30 ಮಿ.ಮೀ. ಮರಳು, 150 ಮಿ.ಮೀ. ಜಲ್ಲಿ ಎಂದಾದರೆ 240 ಮಿ.ಮೀ. ಆಳಕ್ಕೆ ಅಗೆಯಬೇಕು, ತೆಗೆಯುವ ಮಣ್ಣು 7.2 ಘನ ಮೀಟರ್. ಜಲ್ಲಿ 300 ಮಿ.ಮೀ. ಆದರೆ ಅಗೆತ 11.7 ಘನ ಮೀಟರಿಗೆ ಏರುತ್ತದೆ, ಜಲ್ಲಿಯ ಪ್ರಮಾಣ 4.5ರಿಂದ 9 ಘನ ಮೀಟರಿಗೆ ಹೋಗಿ ದುಪ್ಪಟ್ಟಾಗುತ್ತದೆ. ಮೇಲೆ ಕಾಣುವ ಹಾಸು ಮಾತ್ರ ಅದೇ 30 ಚದರ ಮೀಟರ್. ಅಗೆದ ಮಣ್ಣು ಸಡಿಲಗೊಂಡು ಸುಮಾರು ಕಾಲುಭಾಗ ಹಿಗ್ಗುವುದರಿಂದ ಸಾಗಿಸುವ ಲೋಡುಗಳೂ ಹೆಚ್ಚುತ್ತವೆ. ದಮ್ಮಸ್ಸು ಮಾಡಿದಾಗ ಜಲ್ಲಿ ಕುಗ್ಗುವುದರಿಂದ ಲೆಕ್ಕಕ್ಕಿಂತ ಹೆಚ್ಚು ತರಿಸಬೇಕಾಗುತ್ತದೆ.

ಕೆಲಸ ಕೆಡುವುದು ದಮ್ಮಸ್ಸಿನಲ್ಲಿ. ಜಲ್ಲಿಯನ್ನೆಲ್ಲ ಒಮ್ಮೆಗೇ ಸುರಿದು ಮೇಲೆ ಯಂತ್ರ ಓಡಿಸಿದರೆ ಮೇಲಿನ ಭಾಗ ಮಾತ್ರ ಬಿಗಿಯಾಗಿ ಕೆಳಗಿನದು ಸಡಿಲವಾಗಿಯೇ ಉಳಿಯುತ್ತದೆ. ಸಣ್ಣ ಪ್ಲೇಟ್ ಕಾಂಪ್ಯಾಕ್ಟರ್ (ಅದುರುವ ತಟ್ಟೆಯಿಂದ ದಮ್ಮಸ್ಸು ಮಾಡುವ ಯಂತ್ರ) ಬಳಸುವುದಾದರೆ ಪದರವೊಂದು 100 ಮಿ.ಮೀ. ಮೀರಬಾರದು, ಪ್ರತಿ ಪದರಕ್ಕೂ ಹದವಾಗಿ ನೀರು ಚಿಮುಕಿಸಿ, ಯಂತ್ರವನ್ನು ಉದ್ದಕ್ಕೂ ಅಡ್ಡಕ್ಕೂ ಹಲವು ಬಾರಿ ಓಡಿಸಬೇಕು. ಜಲ್ಲಿ ಹಾಕುವುದಕ್ಕೆ ಮೊದಲು ತಳದ ಮಣ್ಣನ್ನೂ ಹೀಗೆಯೇ ಬಿಗಿಗೊಳಿಸಬೇಕು. ಮೆದು ಮಣ್ಣಿದ್ದರೆ ಜಲ್ಲಿ ಅದರೊಳಗೆ ಹುದುಗದಂತೆ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಲೇಬೇಕೆಂದು ನಾನು ಹೇಳುತ್ತೇನೆ. ಜಲ್ಲಿಯ ಬದಲು ಕಟ್ಟಡ ಒಡೆದ ಅವಶೇಷ ತುಂಬುತ್ತೇವೆ ಎನ್ನುವವರಿಗೆ ಒಪ್ಪಬೇಡಿ. ಅದರಲ್ಲಿನ ಇಟ್ಟಿಗೆ ಚೂರು ಪುಡಿಯಾಗುತ್ತದೆ, ಮರದ ತುಂಡು ಕೊಳೆಯುತ್ತದೆ. ತಳದ ಉಬ್ಬುತಗ್ಗುಗಳನ್ನು ಮರಳಿನಿಂದ ಮುಚ್ಚುವುದು ಇನ್ನೊಂದು ಅಡ್ಡದಾರಿ. ಮರಳು ಎಲ್ಲೆಡೆ ಒಂದೇ ದಪ್ಪದಲ್ಲಿ, 25ರಿಂದ 40 ಮಿ.ಮೀ. ಒಳಗೇ ಇರಬೇಕು, ದಪ್ಪವಾದ ಕಡೆ ಹಾಸು ತಗ್ಗಿಳಿಯುವುದು ಖಚಿತ.

ಹಂತ 3: ನೀರಿನ ದಾರಿ

ಮೀಟರಿಗೆ 20 ಮಿ.ಮೀ.ನಂತೆ ಇಳಿಜಾರು ಮನೆಯಿಂದ ಹೊರಗೆ ಹೋಗಬೇಕು. ಜಾಗದ ಮಟ್ಟ ಮನೆಯತ್ತಲೇ ವಾಲಿದ್ದರೆ ಜಾಲರಿ ಮುಚ್ಚಿದ ಅಡ್ಡಚರಂಡಿ ಅನಿವಾರ್ಯ. ಅದನ್ನು ಅಂದಾಜುಪಟ್ಟಿಯಲ್ಲಿ ಬೇರೆಯಾಗಿ ಬರೆಸಿ. ಮುಂದೆ ಬೇಕಾಗಬಹುದಾದ ನೀರಿನ, ವಿದ್ಯುತ್ತಿನ ಪೈಪುಗಳನ್ನು ಈಗಲೇ ಕೆಳಗೆ ಹಾಯಿಸಿಬಿಡಿ.

ಹಂತ 4: ಹಾಸಿನ ಆಯ್ಕೆ

ಕಾಂಕ್ರೀಟಾದರೆ ಕಾರಿಗೆ 100 ಮಿ.ಮೀ. ದಪ್ಪ ರೂಢಿ. ಅದನ್ನು 125ಕ್ಕೆ ಏರಿಸಿದರೆ ಕಾಂಕ್ರೀಟು ಕಾಲುಭಾಗ ಹೆಚ್ಚು ಬೇಕು, ಆದರೆ ಬಾಗುವಿಕೆಯನ್ನು ತಡೆಯುವ ಬಲ ದಪ್ಪದ ವರ್ಗಕ್ಕೆ (ದಪ್ಪವನ್ನು ಅದರಿಂದಲೇ ಗುಣಿಸಿದ ಸಂಖ್ಯೆಗೆ) ಅನುಗುಣವಾಗಿರುವುದರಿಂದ ಅರ್ಧಕ್ಕಿಂತ ಹೆಚ್ಚು ಏರುತ್ತದೆ. ನೀರಿನ ಟ್ಯಾಂಕರಿನಂಥ ಭಾರದ ವಾಹನ ಒಳಬರುವುದಿದ್ದರೆ ಈ ಹಣ ಉಳಿಸಬೇಡಿ. ಸುಮಾರು ಮೂರು ಮೀಟರಿಗೊಂದು ಕೀಲುಗೆರೆ (ಬಿರುಕು ಎಲ್ಲೆಂದರಲ್ಲಿ ಮೂಡದಂತೆ ಕೊಡುವ ಗೆರೆ) ಕೊಯ್ಯುವುದು, ಕನಿಷ್ಠ ಏಳು ದಿನ ಕ್ಯೂರಿಂಗ್ ಮಾಡುವುದು (ಕಾಂಕ್ರೀಟನ್ನು ತೇವವಾಗಿಡುವುದು) ದರದಲ್ಲಿ ಸೇರಿದೆಯೇ ಎಂದು ಕೇಳಿ.

ನನ್ನ ಆಯ್ಕೆ ಪೇವರ್. ಕೆಳಗೆ ಪೈಪು ಒಡೆದರೆ ಅಷ್ಟು ಭಾಗ ಎಬ್ಬಿಸಿ, ಅದೇ ಕಲ್ಲುಗಳನ್ನು ಮತ್ತೆ ಕೂರಿಸಬಹುದು. ಚಕ್ರದ ಒತ್ತಡಕ್ಕೆ ಹೆರಿಂಗ್‌ಬೋನ್ (ಕಲ್ಲುಗಳನ್ನು ಒಂದಕ್ಕೊಂದು ಅಡ್ಡವಾಗಿ V ಆಕಾರದಲ್ಲಿ ಕೂರಿಸುವ) ಜೋಡಣೆಯೇ ಚೆನ್ನಾಗಿ ತಾಳುತ್ತದೆ, ಆದರೆ ಅಂಚಿನಲ್ಲಿ ಕತ್ತರಿಸುವ ಕೆಲಸ ಹೆಚ್ಚಿ ಕಲ್ಲು ಶೇ 10ರಷ್ಟು ಪೋಲಾಗಬಹುದು. ತಿರುವುಗಳಿದ್ದರೆ ಕೂಲಿಯೂ ಏರುತ್ತದೆ. ಕೊಳ್ಳುವ ಮೊದಲು ಒಂದು ಕಲ್ಲನ್ನು ಒಡೆದು ನೋಡಿ. ಬಣ್ಣ ಬರೀ ಬಳಿದಂತೆ ಮೇಲ್ಮೈಯಲ್ಲಷ್ಟೇ ಇದ್ದರೆ ಬೇಡ. ಎರಡೂ ಬದಿಗೆ ಕಾಂಕ್ರೀಟಿನಲ್ಲಿ ಕೂರಿಸಿದ ಅಂಚುಗಲ್ಲು ಇಲ್ಲದಿದ್ದರೆ ಕಲ್ಲುಗಳು ಪಕ್ಕಕ್ಕೆ ಸರಿದು ಸಂದುಗಳು ಬಾಯಿಬಿಡುತ್ತವೆ. ಕಡಿಮೆ ದರದ ಅಂದಾಜಿನಲ್ಲಿ ಮೊದಲು ಕಾಣೆಯಾಗುವುದು ಈ ಅಂಚುಗಲ್ಲೇ.

ಹಂತ 5: ದರ ಕೇಳುವುದು

ಒಂದೇ ಕಾಗದವನ್ನು ಮೂವರು ಗುತ್ತಿಗೆದಾರರಿಗೆ ಕೊಡಿ. ಅದರಲ್ಲಿ ಅಗೆತದ ಆಳ, ಮಣ್ಣು ಸಾಗಿಸುವವರು ಯಾರು, ದಮ್ಮಸ್ಸಾದ ಮೇಲೆ ಉಳಿಯಬೇಕಾದ ಜಲ್ಲಿಯ ದಪ್ಪ, ಹಾಸಿನ ದಪ್ಪ, ಅಂಚು, ಚರಂಡಿ ಎಲ್ಲವೂ ಬರೆದಿರಲಿ. ಲಾರಿ ಒಳಬರಲಾಗದೆ ಕೈಗಾಡಿಯಲ್ಲಿ ಸಾಗಿಸಬೇಕಾದ ಜಾಗವಾದರೆ ಅದನ್ನೂ ಮೊದಲೇ ತೋರಿಸಿ. ಹಣವನ್ನು ಕಂತುಗಳಾಗಿ ಕೊಡಿ: ತಳಪದರ ಸಿದ್ಧವಾದ ದಿನ ಅಲ್ಲಲ್ಲಿ ಗುಂಡಿ ತೋಡಿ ದಪ್ಪ ಅಳೆದು, ಭಾರ ತುಂಬಿದ ವಾಹನ ಹಾಯಿಸಿ ಚಕ್ರದ ಗುರುತು ಮೂಡದಿರುವುದನ್ನು ನೋಡಿದ ಮೇಲೆ ಒಂದು ಕಂತು, ಹಾಸು ಮುಗಿದು, ಪೈಪಿನಿಂದ ನೀರು ಬಿಟ್ಟಾಗ ಎಲ್ಲಿಯೂ ನಿಲ್ಲದೆ ಹರಿದುಹೋದ ಮೇಲೆ ಕೊನೆಯದು.